ಬಾವಿಯ ಮೇಲಿನ ಕೋಣೆ

ಸಾರಕ್ಕಿ,
೯ ಮಾರ್ಚ್ ೧೯೬೧, ಗುರುವಾರ

ನನ್ನ ಮುದ್ದು ಜ್ಞಾನಮ್ಮಾ,

ಸ್ವಾಮಿಯ ಕೃಪೆ ನಿನ್ನ ಮೇಲಿರಲಿ. ಮೈ ಹೇಗಿದೆ ಮಗಳೇ? ತಪಸ್ಸುಕಾಲದ ಉಪವಾಸ ಅಂತ ಬರೀ ಗಂಜಿ ಕುಡಿದು ಸೊರಗಿಬಿಡಬೇಡ, ನಿನ್ನದು ಮೊದಲೇ ಕಡ್ಡಿ ಮೈ. ಕನ್ಯಾಸ್ತ್ರೀಯಾದ ಮೇಲೆ ನಿನಗಿಟ್ಟ ಹೊಸ ಹೆಸರು ನನ್ನ ಬಾಯಲ್ಲಿ ಹೊರಳುವುದಿಲ್ಲ, ಬೇಸರ ಮಾಡಿಕೊಳ್ಳಬೇಡ. ನಿನ್ನಮ್ಮ ಮರಿಯಮ್ಮ ಚೆನ್ನಾಗಿದ್ದಾಳೆ, ಮಂಡಿನೋವು ಇದ್ದಿದ್ದೇ. ನನಗೇ ಎಂಟು ದಿನದಿಂದ ಅನ್ನ ಸೇರುತ್ತಿಲ್ಲ. "ಏನಾಗಿದೆ ನಿಮ್ಗೆ, ಬಾಯ್ಬಿಟ್ಟು ಹೇಳ್ಬಾರ್ದಾ?" ಅಂತ ಅವಳು ಪ್ರಾಣ ತಿನ್ನುತ್ತಾಳೆ. ಏನಂತ ಹೇಳಲಿ ನಾನು?

ನಿಮ್ಮ ಕನ್ಯಾಮಠ ನಾನು ಕಟ್ಟಿದ್ದು ಅಂತ ಚಿಕ್ಕಂದಿನಲ್ಲಿ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತೋರಿಸುತ್ತಿದ್ದೆನಲ್ಲ. ಕಮಾನಿನ ವರಾಂಡ, ಮದರಾಸು ತಾರಸಿ, ಗಂಟೆಗೋಪುರ, ಎಲ್ಲದರ ಕಥೆ ಹೇಳುತ್ತಿದ್ದೆ. ಒಂದನ್ನು ಮಾತ್ರ ಹೇಳಲಿಲ್ಲ. ಮೂವತ್ತಾರನೇ ಇಸವಿಯಲ್ಲಿ ಫ್ರೆಂಚ್ ಮದರ್ ಆ ಜಾಗ ಕೊಂಡಾಗ ಅದು ತಿಮ್ಮರಾಯಪ್ಪನವರ ಹೂವಿನ ತೋಟ. ಆಗ ಜಯನಗರವೂ ಇಲ್ಲ, ಮಣ್ಣೂ ಇಲ್ಲ, ಸುತ್ತ ಬರೀ ರಾಗಿ ಹೊಲ. ತೋಟದ ಪೂರ್ವದ ಮೂಲೆಯಲ್ಲಿ ನಲವತ್ತಡಿ ಆಳದ ಬಾವಿಯೊಂದಿತ್ತು. ಅದನ್ನು ತಳದಿಂದ ಕಲ್ಲು ತುಂಬಿಸಿ, ಪದರ ಪದರವಾಗಿ ಬಡಿದು ದಮ್ಮಸ್ಸು ಮಾಡಿ ಮುಚ್ಚಬೇಕು ಅಂತ ಮದರ್ ತಮ್ಮ ಮುರುಕು ಕನ್ನಡದಲ್ಲಿ ಹತ್ತು ಸಲ ಹೇಳಿದ್ದರು. ಆ ವರ್ಷ ಮಳೆ ಬಿಡಲಿಲ್ಲ. ಬಿಷಪ್ಪರು ಬರುವ ದಿನ ಬೇರೆ ಗೊತ್ತಾಗಿಬಿಟ್ಟಿತ್ತು. ನಾನು ಬಾವಿಯ ಬಾಯಿಗೆ ಕಲ್ಲುಚಪ್ಪಡಿ ಹಾಸಿ, ಮೇಲೆ ಮಣ್ಣು ಬಡಿದು, "ಮುಚ್ಚಿ ಆಯ್ತು ಮದರ್" ಅಂದುಬಿಟ್ಟೆ. ಆ ಪುಣ್ಯಾತ್ಗಿತ್ತಿ ನನ್ನ ಕೈಗೆ ಜಪಸರ ಕೊಟ್ಟು ಹರಸಿದರು. ಅವರು ತೀರಿಕೊಂಡೇ ಹತ್ತು ವರ್ಷವಾಯಿತು. ಕೆಳಗೆ ಇವತ್ತಿಗೂ ಬರೀ ಟೊಳ್ಳು ಕಣಮ್ಮ. ಅದರ ಮೇಲಿರುವುದೇ ಅನಾಥ ಮಕ್ಕಳ ಕೋಣೆ, ಹದಿನೆಂಟು ಮಕ್ಕಳ ಜೊತೆ ನೀನು ಮಲಗುವ ಕೋಣೆ. ಇಷ್ಟು ವರ್ಷ ತಡೆದುಕೊಂಡಿದೆಯಲ್ಲ, ಏನೂ ಆಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡು ಬಂದೆ.

ಈಗ ಅದರ ಮೇಲೆ ಮಹಡಿ ಎಬ್ಬಿಸುತ್ತಿದ್ದಾರೆ. ಹೋದ ವಾರ ಹೋಗಿ ನೋಡಿದರೆ ಕೆಳಗಿನ ಮೂಲೆಯಲ್ಲಿ ನನ್ನ ಕಿರುಬೆರಳು ತೂರುವಷ್ಟು ಬಿರುಕು! ಸೋಮವಾರ ಕಾಂಕ್ರೀಟು ಸುರಿಯುತ್ತಾರಂತೆ. ಇಂಜಿನಿಯರ್ ಬದರಿನಾಥರ ಹತ್ತಿರ ಓಡಿಹೋಗಿ, ಆ ಮೂಲೆ ಸರಿಯಿಲ್ಲ ಸಾರ್ ಅಂದೆ. "ನೀವು ಕಟ್ಟಿದ್ದಲ್ವಾ ಮೇಸ್ತ್ರಿ? ಪಾಯ ಬಂಡೆ ಇದ್ದಂಗಿದೆ. ಸುಮ್ನೆ ಮನೇಗ್ ಹೋಗಿ" ಅಂತ ನಕ್ಕರು. ಯಾಕೆ ಸರಿಯಿಲ್ಲ ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಹೊಗಳಿಕೆ ಕಟ್ಟಿಕೊಂಡು ಮನೆಗೆ ಬಂದೆ. ಥೂ, ನನ್ನ ಜನ್ಮಕ್ಕಿಷ್ಟು! ನಿನ್ನೆ ಪಾಪನಿವೇದನೆಗೆ ಹೋಗಿ ಮಂಡಿಯೂರಿದೆ. ಕುಡಿದದ್ದು, ಬೈದದ್ದು, ಪೂಜೆ ತಪ್ಪಿಸಿದ್ದು ಎಲ್ಲ ಒಪ್ಪಿಕೊಂಡೆ. ಬಾವಿಯ ಮಾತು ಮಾತ್ರ ಎತ್ತದೆ ಎದ್ದು ಬಂದೆ. ಇಪ್ಪತ್ತೈದು ವರ್ಷದಿಂದಲೂ ಇದೇ ಹಣೆಬರಹ. ಊರೆಲ್ಲ ನನ್ನನ್ನು ಕನ್ಯಾಮಠದ ಮೇಸ್ತ್ರಿ ಅನ್ನುತ್ತಾರೆ, ಆ ಹೆಸರು ಹೋದರೆ ನನ್ನ ಹತ್ತಿರ ಇನ್ನೇನು ಉಳಿಯುತ್ತದೆ ಹೇಳು. ಆದರೆ ಕಣ್ಣು ಮುಚ್ಚಿದರೆ ಆ ಮಕ್ಕಳ ಚಾಪೆಗಳೇ ಕಾಣುತ್ತವೆ, ನಡುವೆ ನೀನು. ನನಗೆ ದಿಕ್ಕೇ ತೋಚುತ್ತಿಲ್ಲ ಮಗಳೇ.

ದೇವಮಾತೆ ನಿನ್ನನ್ನೂ ಆ ಕೂಸುಗಳನ್ನೂ ತನ್ನ ಸೆರಗಿನ ಮರೆಯಲ್ಲಿಟ್ಟು ಕಾಯಲಿ. ನಿನ್ನಮ್ಮ ನಿನ್ನನ್ನು ಕೇಳಿದಳೆಂದು ತಿಳಿ.

ಇಂತಿ ನಿನ್ನ ಅಪ್ಪ,
ಇನ್ನಾಸಪ್ಪ

ಮತ್ತೊಂದು ಮಾತು: ತಪಸ್ಸುಕಾಲ ಮುಗಿಯುವ ತನಕ ನಿಮಗೆ ಯಾರಿಗೂ ಕಾಗದ ಕೊಡುವುದಿಲ್ಲ, ಬಂದದ್ದನ್ನೆಲ್ಲ ಮಂಗಳೂರಿನ ಕಡೆಯ ನಿಮ್ಮ ಈಗಿನ ಮದರ್ ತಾವೇ ಒಡೆದು ಓದಿ ಎತ್ತಿಡುತ್ತಾರೆ ಅಂತ ನನಗೆ ಗೊತ್ತು. ಗೊತ್ತಿದ್ದೇ ಬರೆದೆ. ಮದರ್, ಈಗ ಇದನ್ನು ಓದುತ್ತಿರುವವರು ನೀವು. ನಿಮ್ಮ ಹೆಸರಿಗೆ ಬರೆಯಲು ಕೈ ಬರಲಿಲ್ಲ, ಕ್ಷಮಿಸಿ. ಮೊದಲು ಆ ಕೋಣೆ ಖಾಲಿ ಮಾಡಿಸಿ. ಗೇಟಿನಲ್ಲಿ ಈ ಕಾಗದ ಕೊಟ್ಟವನು ನಾನೇ. ಹಾರೆ ಹಿಡಿದು ಅಲ್ಲೇ ನಿಂತಿದ್ದೇನೆ. ಒಳಗೆ ಕರೆಸಿ, ಬಾವಿ ಎಲ್ಲಿದೆ ಅಂತ ನನ್ನ ಮಗಳ ಎದುರಿಗೇ ಅಗೆದು ತೋರಿಸುತ್ತೇನೆ.