ಬೈಕಿಗೆ ತೊಡಿಸಿದ ಕೋಟು

ಕೂಬರ್ ಪೀಡಿ
ಜನವರಿ ೧೮

ಮುದ್ದು ಬ್ರಾನ್ವಿನ್,

ಹೇಗಿದ್ದೀಯೇ? ಹೋದ ಚಳಿಗಾಲದಲ್ಲಿ ಹಿಡಿದ ಕೆಮ್ಮು ಈಗಲಾದರೂ ಬಿಟ್ಟಿತೇ? ಅಳಿಯ ಇನ್ನೂ ಬರೀ ಟೋಸ್ಟ್ ತಿಂದುಕೊಂಡೇ ಇದ್ದಾನೋ, ನೆಟ್ಟಗೆ ಊಟ ಮಾಡುತ್ತಾನೋ? ನಾನು ಚೆನ್ನಾಗಿದ್ದೇನೆ. ಹೊರಗೆ ಜನವರಿಯ ನಡುಬೇಸಿಗೆ, ನಲವತ್ತನಾಲ್ಕು ಡಿಗ್ರಿ ಬಿಸಿಲು. ನೆಲದೊಳಗಿನ ನಮ್ಮ ಮನೆ ಎಂದಿನಂತೆ ತಣ್ಣಗಿದೆ. ಬಿಸಿಯಾಗಿರುವುದು ನನ್ನ ತಲೆ. ನಿನ್ನಪ್ಪನ ಮುಖ ಕಂಡರೆ ಸಾಕು, ಮೈಯೆಲ್ಲ ಉರಿಯುತ್ತದೆ.

ಅಪ್ಪನ ಎದೆಗೆ ಗಾಳಿ ಬಡಿಯದಿರಲಿ ಅಂತ ಕ್ರಿಸ್‌ಮಸ್‌ಗೆ ಬೈಕಿನ ಮುಂದೆ ಕೂರಿಸುವ ಕವಚ, ಗಾಜು ಕಳಿಸಿದೆಯಲ್ಲ, ನಿನ್ನ ತಂಪು ಹೋಬಾರ್ಟಿಗೆ ಅದು ಸರಿ ಮಗಳೇ. ಅಪ್ಪನ ಹಳೇ ಗಾಡಿಗೆ ರೇಡಿಯೇಟರ್ ಇಲ್ಲ, ಓಡುವಾಗ ಎದುರುಗಾಳಿ ಬಡಿದರಷ್ಟೇ ಎಂಜಿನ್ ತಣಿಯುವುದು. ಆ ಗಾಳಿಗೇ ಅಡ್ಡಗೋಡೆ ಕಟ್ಟಿದರೆ? ಪಕ್ಕದ ಮಿಲೋರಾದ್ ನೋಡಿದವನೇ ನಕ್ಕ: "ಏನಯ್ಯಾ ಮೆರ್ವಿನ್, ಈ ಸೆಕೇಲಿ ಬೈಕಿಗೆ ಕೋಟು ತೊಡ್ಸಿದೀಯಾ?" ನಿನ್ನಪ್ಪನಿಗೆ ನಾಟಲಿಲ್ಲ. ಒಂದು ಸುತ್ತು ಹೋಗಿ ಬಂದು, "ಮುಖಕ್ಕೆ ಒಂದು ನೊಣಾನೂ ಬಡೀಲಿಲ್ಲ ಕಣೇ!" ಅಂತ ಕುಣಿದ. ಗಾಜಿಗಂಟಿ ಸತ್ತ ಮಿಡತೆಗಳ ಹಳದಿ ಲೋಳೆಯನ್ನು ನನ್ನ ಬೆಣ್ಣೆ ಸವರುವ ಚಾಕುವಿನಲ್ಲಿ ಕೆರೆದ. ಥೂ! ಆ ಚಾಕು ಈಗ ಕಸದಲ್ಲಿದೆ.

ಹೋದ ಗುರುವಾರ ಗೆಳೆಯನನ್ನು ನೋಡಲು ಗ್ಲೆಂಡಾಂಬೋ ಕಡೆ ಹೊರಟ. ತಾತನ ಕ್ಯಾನ್ವಾಸ್ ನೀರುಚೀಲವನ್ನು ಎಂದಿನಂತೆ ಹೆಡ್‌ಲೈಟಿನ ಕೆಳಗೆ, ಎಂಜಿನ್ನಿನ ಮುಂದೆಯೇ ತೂಗುಹಾಕಿದ. ಗಾಳಿ ಬಡಿದಷ್ಟೂ ಜಿನುಗಿ ಒಳಗಿನ ನೀರು ತಣ್ಣಗಾಗುವ ಚೀಲ ಅದು. ಆದರೆ ಈಗ ಆ ಜಾಗವೇ ಕವಚದ ಒಳಗೆ ಸೇರಿಹೋಗಿದೆ. ಸಾಲದ್ದಕ್ಕೆ ಅವತ್ತು ಹಿಂದಿನಿಂದ ಬಿಸಿಗಾಳಿ ಬೇರೆ. ಅರ್ಧ ದಾರಿಯಲ್ಲಿ ಎಂಜಿನ್ ಕಾದು ಕಚ್ಚಿಕೊಂಡು ನಿಂತಿತು. ಅದೃಷ್ಟಕ್ಕೆ ಆ ದಾರಿಯಲ್ಲೇ ಬಂದ ಮಿಲೋರಾದ್ ಕಂಡಾಗ ಈ ಮಹಾಶಯ ಬೈಕಿನ ನೆರಳಿನಲ್ಲಿ ತುಟಿ ಒಡೆದು ಬಿದ್ದಿದ್ದ. ಚೀಲದ ನೀರು ಎಷ್ಟು ಕಾದಿತ್ತೆಂದರೆ ಟೀ ಸೊಪ್ಪು ಹಾಕುವುದೊಂದೇ ಬಾಕಿ. ನೀರೇ ತಣಿಯದ ಜಾಗದಲ್ಲಿ ಎಂಜಿನ್ ತಣಿಯುತ್ತದೆಯೇ? ಇಷ್ಟು ಕಾಲ ಗಣಿಯಲ್ಲಿ ಓಪಲ್ ರತ್ನ ಅಗೆದವನಿಗೆ ಇಷ್ಟು ತಿಳಿಯಬಾರದೇ? ದಾರಿಯುದ್ದಕ್ಕೂ ಮಿಲೋರಾದನ ಗಾಡಿಯಲ್ಲಿ ವಾಂತಿ ಮಾಡಿಕೊಂಡು ಬಂದ. "ಒಳ್ಳೆ ನಿದ್ದೆ ಬಂದಿತ್ತು ಕಣೇ" ಅಂತ ನನಗೆ ಹೇಳುತ್ತಾನೆ! ಮಿಲೋರಾದ್ ನನ್ನನ್ನು ಬಾಗಿಲ ಹತ್ತಿರ ಕರೆದು, "ಇನ್ನೊಂಚೂರು ತಡ ಆಗಿದ್ರೆ ನಾನು ಬೇರೆ ಸುದ್ದಿ ತರ್ತಿದ್ದೆ ಥೆಲ್ಮಾ" ಅಂದ. 

ಈಗ ಎಂಜಿನ್ ಬಿಚ್ಚಿ ಊಟದ ಮೇಜಿನ ಮೇಲೆ ಹರಡಿಕೊಂಡಿದ್ದಾನೆ. ಸುಟ್ಟ ಆಯಿಲ್ ನಾತ, ಬ್ರೆಡ್ಡಿನ ಮೇಲೆಲ್ಲ ಕಪ್ಪು ಬೆರಳಚ್ಚು, ಹೇಸಿಗೆಯಾಗುತ್ತದೆ. ಆ ಕವಚ ಮಾತ್ರ ಗೋಡೆಗೊರಗಿ ಫಳಫಳ ಹೊಳೆಯುತ್ತಿದೆ. ಬಿಸಾಡು ಅಂದರೆ, "ಅದನ್ನ ಮಾತ್ರ ಮುಟ್ಬೇಡ" ಅನ್ನುತ್ತಾನೆ.

ಬಿಸಿಲಿಗೆ ಟೋಪಿಯಿಲ್ಲದೆ ಹೊರಡಬೇಡ. ಅಳಿಯನಿಗೆ ನನ್ನ ಆಶೀರ್ವಾದ.

ನಿನ್ನ
ಅಮ್ಮ

ಮರೆತಿದ್ದೆ, ಅಂಚೆಗೆ ಹೊತ್ತಾಯಿತು: ಎಂಜಿನ್ ಜೋಡಿಸಿ, ಅದೇ ಕವಚ ಹಾಕಿಕೊಂಡು, ತಿಂಗಳ ಕೊನೆಯ ಭಾನುವಾರ ನಿನ್ನ ಹುಟ್ಟುಹಬ್ಬಕ್ಕೆ ಹೋಬಾರ್ಟಿಗೆ ಹೊರಡುತ್ತಾನಂತೆ ನಿನ್ನಪ್ಪ. ನಿನಗೆ ಹೇಳಬಾರದಂತೆ. ಈ ಮನೆಯಲ್ಲಿ ಪಿಸುಗುಟ್ಟಿದರೂ ಗೋಡೆಗೆಲ್ಲ ಕೇಳುತ್ತದೆ, ಅದಕ್ಕೇ ಫೋನ್ ಮಾಡಲಿಲ್ಲ. ನಿನ್ನ ಮದುವೆಯ ದಿನ ಬಾರದೆ ಗಣಿಯಲ್ಲೇ ಕೂತ ಅವನ ತಪ್ಪು ದೊಡ್ಡದೇ. ನೀನು ಅವನ ಜೊತೆ ಮಾತು ಬಿಟ್ಟಿದ್ದನ್ನು ನಾನು ತಪ್ಪೆನ್ನಲಿಲ್ಲ. ಆದರೆ ನಿನ್ನೆ ಆ ಗಾಜು ಒರೆಸುತ್ತ, "ನಾಲ್ಕು ವರ್ಷದಲ್ಲಿ ಅವಳು ನಂಗೆ ಕಳ್ಸಿದ್ದು ಇದೊಂದೇ ಕಣೇ" ಅಂದ. ನಾನು ಹೇಳಿದರೆ ಕವಚ ಬಿಚ್ಚುವುದಿಲ್ಲ. ನೀನೇ ಫೋನ್ ಮಾಡು. ನಾನು ಎತ್ತಿದರೆ, ಅಪ್ಪನಿಗೆ ಕೊಡು ಅನ್ನು. ಕವಚದ ಮಾತು ಆಮೇಲೆ ತೆಗೆ. ಮೊದಲು, ಹೇಗಿದ್ದೀಯಪ್ಪಾ ಅನ್ನು.