ಎರಡು ಕಾರ್ಬುರೇಟರು

೧೨-೧೧-೧೯೪೩, ಶುಕ್ರವಾರ

ಡಾಕ್ಟರ ಡ್ರೈವರ್ ಪೂವಪ್ಪಣ್ಣನ ಮುಖ ಕಣ್ಣೆದುರಿನಿಂದ ಹೋಗುತ್ತಿಲ್ಲ.

ಯುದ್ಧದ ದೆಸೆಯಿಂದ ಡಾಕ್ಟರ ಕಾರಿಗೆ ಪೆಟ್ರೋಲು-ಗಾಳಿ ಬೆರೆಸುವ ಕಾರ್ಬುರೇಟರು ಸಿಗದೆ, ಮೋಟಾರ್ ಸೈಕಲುಗಳದ್ದು ಎರಡು ಕೂರಿಸಿದವನು ನಾನು. ಎರಡೂ ಒಂದೇ ಸಮ ಗಾಳಿ ಎಳೆಯಬೇಕು, ಇಲ್ಲದಿದ್ದರೆ ಏರಿನಲ್ಲಿ ಎಂಜಿನ್ ನಿಲ್ಲುತ್ತದೆ. ಒಂದರ ಸದ್ದು ಬೇರೆಯಿತ್ತು. ಕೇಳಿಸಿಯೂ ಸಾಕೆಂದು ಬಿಟ್ಟೆ.

ಇವತ್ತು ರೋಗಿಯ ಮನೆಗೆ ಹೋಗುವಾಗ ಕುಲಶೇಖರದ ಏರಿನಲ್ಲಿ ಎಂಜಿನ್ ನಿಂತಿತಂತೆ. ಡಾಕ್ಟರು ಗ್ಯಾರೇಜಿಗೆ ಬಂದು ಯಾಕೆಂದು ಕೇಳಿದರು.

"ನಿಮ್ಮ ಡ್ರೈವರಿಗೆ ಎಕ್ಸಿಲೇಟರ್ ಒತ್ತಲಿಕ್ಕೆ ಗೊತ್ತಿಲ್ಲ" ಎಂದುಬಿಟ್ಟೆ. ಅಲ್ಲೇ, ಎಲ್ಲರೆದುರು, ಪೂವಪ್ಪಣ್ಣನಿಗೆ ಡಾಕ್ಟರ ಬೈಗುಳ. ಅವನಿಗೆ ನನ್ನ ಅಪ್ಪನ ಪ್ರಾಯ.

ಸಂಜೆ ಒಬ್ಬನೇ ಬಂದ. "ಮೇಸ್ತ್ರಿಗಳೇ, ನನ್ನದು ಎಂತ ತಪ್ಪೂಂತ ಗೊತ್ತಾಗ್ಲಿಲ್ಲ. ಹೇಗೆ ಒತ್ತುವುದು, ಒಮ್ಮೆ ತೋರಿಸಿಕೊಡಿ."

ತಪ್ಪು ನನ್ನದೆಂದು ಆಗಲಾದರೂ ಹೇಳಬಹುದಿತ್ತು. ಇಪ್ಪತ್ತು ವರ್ಷದಿಂದ ಕಾರು ಬಿಡುವವನಿಗೆ, ಮೆಲ್ಲ, ಇನ್ನೂ ಮೆಲ್ಲ, ಎಂದು ತೋರಿಸಿಕೊಟ್ಟೆ. ಹೋಗುವಾಗ ಕೈ ಮುಗಿದ. ನಾನೂ ಮುಗಿದೆ.