ಅಪ್ಪ ತುಂಬದ ಫಾರ್ಮು

ಹ್ಯಾನ್ಕಾಕ್, ಮಿಷಿಗನ್
ಮಾರ್ಚ್ 9, ಭಾನುವಾರ

ಪ್ರೀತಿಯ ಮಗಳು ಸೆನ್ಯಾಗೆ,

ಹೇಗಿದ್ದೀಯ? ಹೆಬ್ಬೆರಳ ನೋವು ಇಳಿಯಿತೇ? ಮಸಾಜ್ ಕಲಿಯುವ ಮೊದಲ ವರ್ಷ ಎಲ್ಲರಿಗೂ ಹೆಬ್ಬೆರಳು ಊದಿಕೊಳ್ಳುತ್ತದೆ. ಬೆರಳನ್ನೇ ನಂಬಬೇಡ, ಮೊಣಕೈ ಬಳಸು, ಮೈಭಾರ ಬಿಡು ಎಂದು ಎಷ್ಟು ಸಲ ಹೇಳಿದ್ದೇನೋ. ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯೋ, ಇಲ್ಲ ಆ ಮಿನಿಯಾಪೊಲಿಸ್‌ನಲ್ಲಿ ಬರೀ ಕಾಫಿ ಕುಡಿದುಕೊಂಡು ಓಡಾಡುತ್ತಿದ್ದೀಯೋ? ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ನೀನು ನಂಬುವವಳಲ್ಲ, ಆದ್ದರಿಂದ ಬರೆಯುವುದಿಲ್ಲ. ನಿನ್ನಪ್ಪ ಹೋಗಿ ಎರಡು ತಿಂಗಳಾಗುತ್ತ ಬಂತು. ಶನಿವಾರ ಶನಿವಾರ ಹಬೆಸ್ನಾನಕ್ಕೆ ಸೌನಾ ಕಾಯಿಸುತ್ತೇನೆ, ಒಬ್ಬಳೇ ಕೂರಲಾಗದೆ ಅರ್ಧಕ್ಕೇ ಎದ್ದು ಬರುತ್ತೇನೆ. ಅವನ ಟವೆಲು ಇನ್ನೂ ಅದೇ ಮೊಳೆಯಲ್ಲಿದೆ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಫೋನು ಎತ್ತದವಳು ಕಾಗದವನ್ನಾದರೂ ಬರೆದೆಯಲ್ಲ, ಅಷ್ಟೇ ಸಮಾಧಾನ. ಅದರಲ್ಲಿ ಎರಡು ಮಾತಿದೆ. ಬೇಸಿಗೆಯೊಳಗೆ ಒಂದು ಬಗೆಯ ಮಸಾಜನ್ನು ಆರಿಸಿಕೊಂಡು ಅದನ್ನೇ ಆಳವಾಗಿ ಕಲಿಯಬೇಕು, ಯಾವುದು ಒಳ್ಳೆಯದು ಎಂದು ಕೇಳಿದ್ದೀಯ. ಇನ್ನೊಂದು, ಕಡೇ ಸಾಲು: "ನನಗೆ ಮಸಾಜ್ ಮೇಜು ತಂದುಕೊಡೋಕೆ ಅಂತ ಅಷ್ಟು ದೂರ ಗಾಡಿ ಓಡಿಸ್ದೇ ಇದ್ದಿದ್ರೆ ಅಪ್ಪ ಸಾಯ್ತಿರ್ಲಿಲ್ಲ. ಕಲಿಯೋದೇ ಬಿಟ್ಬಿಡೋಣ ಅನ್ಸುತ್ತೆ." ಮೊದಲನೆಯದರ ಉತ್ತರ ನನಗೆ ಗೊತ್ತು, ಅದನ್ನೇ ಬರೆಯುತ್ತೇನೆ.

ಸ್ವೀಡಿಷ್ ಮಸಾಜನ್ನು ಹಗುರವಾಗಿ ಕಾಣಬೇಡ. ಎಣ್ಣೆ ಹಚ್ಚಿ ಉದ್ದುದ್ದಕ್ಕೆ ನೀವುವುದರಲ್ಲಿ ಏನಿದೆ ಎಂದು ನಿನ್ನ ವಯಸ್ಸಿನವರು ಮೂಗು ಮುರಿಯುತ್ತಾರೆ. ಎಂಬತ್ತನಾಲ್ಕರ ಲೆಂಪಿ ಅಜ್ಜಿ ಈಗಲೂ ಪ್ರತಿ ಗುರುವಾರ ಬರುತ್ತಾಳೆ. ಗಂಡ ತೀರಿಕೊಂಡು ಹತ್ತೊಂಬತ್ತು ವರ್ಷ, ವಾರದಲ್ಲಿ ಅವಳ ಮೈ ಮುಟ್ಟಿ ಮಾತಾಡಿಸುವವಳು ನಾನೊಬ್ಬಳೇ. ಚೂರು ಬಿಗಿ ಮಾಡಿದರೂ "ಮೆಲ್ಲಗೆ ಕಣೇ, ನಾನೇನು ಬ್ರೆಡ್ಡಿನ ಹಿಟ್ಟಾ, ನಾದೋಕೆ?" ಎನ್ನುತ್ತಾಳೆ. ಅಂಥವರಿಗೆ ಅದೇ ಸರಿ. ಆಳದ ಒತ್ತು ಬೇಕಾಗುವುದು ಮರ ಕಡಿಯುವ ಉರ್ಹೊನಂಥವರಿಗೆ, ವರ್ಷಗಟ್ಟಲೆ ಗಂಟುಕಟ್ಟಿದ ಭುಜಕ್ಕೆ. "ಒತ್ತು ಹಿಲ್ಯಾ, ಜೀವ ಇದ್ಯೋ ಇಲ್ವೋ ಗೊತ್ತಾಗ್ಲಿ" ಎಂದು ಹಲ್ಲು ಕಚ್ಚಿ ಮಲಗುತ್ತಾನೆ ಪುಣ್ಯಾತ್ಮ. ಅವನ ಬಾಯಿ ಕೇಳಿ ಒತ್ತಬಾರದು, ಉಸಿರು ನೋಡಿ ಒತ್ತಬೇಕು. ಬಸುರಿಯರನ್ನು ಮಗ್ಗುಲಿಗೆ ಮಲಗಿಸಿ, ಮೊಣಕಾಲ ನಡುವೆ ದಿಂಬಿಟ್ಟು ಮಾಡು. ಬಿಸಿ ಕಲ್ಲು ಪ್ರವಾಸಿಗಳಿಗೆ ಬಲು ಇಷ್ಟ, ಆದರೆ ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದವರಿಗೆ ಬೇಡವೇ ಬೇಡ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಸ್ತನದ ಆಪರೇಷನ್ ಆಗಿ ತೋಳು ಬಾತವರಿಗೆ ಬೇರೆಯೇ ವಿಧಾನವಿದೆ, ಚರ್ಮವನ್ನಷ್ಟೇ ಸರಿಸುವಷ್ಟು ಹಗುರ. ಅದನ್ನು ಕಲಿಯುವ ತಾಳ್ಮೆ ನನಗಿರಲಿಲ್ಲ, ನಿನಗಿದೆ. ನನ್ನನ್ನು ಕೇಳಿದರೆ ಅದನ್ನೇ ಆರಿಸಿಕೋ.

ಯಾವುದನ್ನೇ ಕಲಿ, ಫಾರ್ಮು ಮಾತ್ರ ಬಿಡಬೇಡ. ಎಷ್ಟೇ ಹಳಬರಾದರೂ ಬಂದಾಗಲೆಲ್ಲ ತುಂಬಲಿ. ಎಲ್ಲಿ ನೋವು, ಯಾವಾಗಿನಿಂದ, ಬಾವಿದೆಯೇ, ಬಿಸಿಯಿದೆಯೇ, ಈಚೆಗೆ ದೂರ ಪ್ರಯಾಣ ಮಾಡಿದ್ದುಂಟೇ ಎಂದು ಬರೆದು, ಕೆಳಗಿನ ಮನುಷ್ಯನ ಚಿತ್ರದಲ್ಲಿ ನೋವಿರುವಲ್ಲಿಗೆ ಸುತ್ತು ಹಾಕಲಿ. "ಫಾರ್ಮಿಲ್ಲದೆ ಮೇಜಿಲ್ಲ" ಎಂಬ ಹಲಗೆಯನ್ನು ನಿನ್ನಪ್ಪನೇ ಕೆತ್ತಿ ನನ್ನ ಬಾಗಿಲಿಗೆ ಹೊಡೆದದ್ದು. ಊರವರು ಗೊಣಗಿಕೊಂಡೇ ತುಂಬುತ್ತಾರೆ.

ಲೆಂಪಿ ಅಜ್ಜಿ ನಿನಗೆಂದು ಏಲಕ್ಕಿ ಬ್ರೆಡ್ಡು ಕೊಟ್ಟಿದ್ದಾಳೆ, ಬೇರೆ ಡಬ್ಬಿಯಲ್ಲಿ ಕಳಿಸುತ್ತೇನೆ. ಉರ್ಹೊ ನಿನ್ನನ್ನು ಕೇಳಿದೆನೆಂದು ತಿಳಿಸಲು ಹೇಳಿದ. ಮೈ ಬೆಚ್ಚಗಿಟ್ಟುಕೋ. ದೇವರು ನಿನ್ನ ಎರಡು ಕೈಗಳನ್ನೂ ಕಾಯಲಿ.

ಇತಿ ನಿನ್ನ ಅಮ್ಮ,
ಹಿಲ್ಯಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ತೆಗೆದಿದ್ದೇನೆ. ಎರಡನೆಯ ಮಾತಿಗೆ ಉತ್ತರವಿಲ್ಲದೆ ಇದು ಹೋಗಬಾರದು. ನಿನಗೆ ನನ್ನ ಹಳೆಯ ಮೇಜು ತಲುಪಿಸಿ, ಹಿಮದಲ್ಲಿ ಹದಿನಾಲ್ಕು ಗಂಟೆ ಗಾಡಿ ಓಡಿಸಿ ಬಂದವನು ಮೂರನೆಯ ದಿನ ಮೀನಖಂಡ ಹಿಡಿದುಕೊಂಡಿದೆ ಎಂದ. ಫಾರ್ಮು ತರಲೇ ಎಂದು ತಮಾಷೆಗೆ ಕೇಳಿದೆ. "ಊರೋರ ಬೆನ್ನೆಲ್ಲ ಬೇಕು, ಗಂಡನ ಕಾಲು ಬೇಡ್ವಾ? ಮೂವತ್ತೊಂದು ವರ್ಷ ಸಂಸಾರ ಮಾಡ್ದೋನೂ ಫಾರ್ಮು ತುಂಬ್ಬೇಕೇನೇ?" ಎಂದು ನಕ್ಕ. ನಾನೂ ನಕ್ಕೆ. ಸೋಫಾದ ಮೇಲೇ ಕಾಲನ್ನು ತೊಡೆಗೆ ಎಳೆದುಕೊಂಡೆ. ಆ ಕಾಲು ಬಾತಿತ್ತು ಸೆನ್ಯಾ, ಇನ್ನೊಂದಕ್ಕಿಂತ ಬಿಸಿಯಿತ್ತು. ನನ್ನ ಕೈಗೆ ಗೊತ್ತಾಯಿತು. ಬೇರೆ ಯಾರೇ ಆಗಿದ್ದರೂ ಆಗಲೇ ಆಸ್ಪತ್ರೆಗೆ ಓಡಿಸುತ್ತಿದ್ದೆ. ಇವನು ನನ್ನವನು, ಇವನ ಮೈ ನನಗೆ ತಿಳಿಯದ್ದೇ ಎಂದುಕೊಂಡು, ಬಿಗಿ ಬಿಡಲಿ ಎಂದು ಆಳಕ್ಕೆ ಒತ್ತಿದೆ. "ಆಹಾ, ಈಗ ಹಾಯಾಯ್ತು ನೋಡು" ಎಂದ. ಮರುದಿನ ಬೆಳಗ್ಗೆ ಕಾಫಿ ಬಗ್ಗಿಸಿಕೊಳ್ಳುವಾಗ ಅವನಿಗೆ ಉಸಿರು ಸಿಗಲಿಲ್ಲ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಎದೆಗೆ ಹೋಗಿತ್ತಂತೆ. ಒತ್ತಿದ್ದರಿಂದಲೇ ಆಯಿತೆಂದು ಹೇಳಲಾಗದು ಎಂದರು ಡಾಕ್ಟರು. ಅವರು ಒಳ್ಳೆಯವರು. ನನ್ನ ಕೈ ಸುಳ್ಳು ಹೇಳುವುದಿಲ್ಲ.

ನೀನು ನಿನ್ನನ್ನೇ ಬೈದುಕೊಳ್ಳುತ್ತಿದ್ದರೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ನಿಜ ತಿಳಿದರೆ ನೀನೂ ನನ್ನನ್ನು ಬಿಟ್ಟು ಹೋಗುತ್ತೀಯೆಂಬ ಭಯ. ನಿನ್ನ ತಪ್ಪಿಲ್ಲ ಮಗಳೇ, ಎಳ್ಳಷ್ಟೂ ಇಲ್ಲ. ಜೊತೆಗಿರುವ ಫಾರ್ಮು ನಿನ್ನಪ್ಪನದು, ನಾನೇ ತುಂಬಿದ್ದೇನೆ. ಎಡ ಮೀನಖಂಡಕ್ಕೆ ಸುತ್ತು ಹಾಕಿದ್ದೇನೆ. ಯಾವ ಬಗೆಯ ಮಸಾಜು ಎಂಬಲ್ಲಿ "ಮುಟ್ಟಬಾರದು" ಎಂದು ಬರೆದಿದ್ದೇನೆ. ಎಲ್ಲಕ್ಕಿಂತ ಮೊದಲು ಅದನ್ನು ಕಲಿ, ಉಳಿದದ್ದನ್ನೂ ಬಿಡಬೇಡ.

ಈಚೆಗೆ ನನ್ನ ಭುಜ ಮೇಲೇಳುತ್ತಿಲ್ಲ. ಮನಸ್ಸಾದರೆ ಮನೆಗೆ ಬಾ. ನೀನು ಬಂದ ದಿನ, ನೀನು ಕೇಳುವ ಮೊದಲೇ ಫಾರ್ಮು ತುಂಬಿಟ್ಟುಕೊಂಡು ಕಾದಿರುತ್ತೇನೆ.